ಹಾಲು ಕಾಯಿಸುವ ಕೈ

ಅಂಗಡಿ ಸಿದ್ಧವಾಗಿ ನಲವತ್ತೊಂದು ದಿನವಾಗಿತ್ತು. ಒಂದು ಲೋಟ ಕಾಫಿ ಮಾರಿರಲಿಲ್ಲ.

ಬೇಕಾದದ್ದೆಲ್ಲ ಇತ್ತು. ಗೋಡೆಗೆ ಕಂಪನಿಯವರು ಹೇಳಿದ ಹಸಿರು ಬಣ್ಣ, ಕಂಪನಿಯವರೇ ಕಳಿಸಿದ ಎತ್ತರದ ಕುರ್ಚಿಗಳು, ಪ್ಲಾಸ್ಟಿಕ್ ಹೊದ್ದುಕೊಂಡೇ ನಿಂತಿದ್ದ ಕಾಫಿ ಯಂತ್ರ. ಆಸ್ಪತ್ರೆಗೆ ಬಂದುಹೋಗುವವರು ಗಾಜಿನ ಬಾಗಿಲಿಗೆ ಹಣೆ ಒತ್ತಿ ಒಳಗೆ ಇಣುಕುತ್ತಿದ್ದರು. ಒಳಗೆ ಕ್ಯಾಂಟೀನಕ್ಕ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು.

"ಯಾವಾಗಕ್ಕ ಶುರು?" ಎಂದು ಹೊರಗಿನವರು ಕೈಸನ್ನೆ ಮಾಡಿದರೆ ಎರಡು ಬೆರಳೆತ್ತಿ ತೋರಿಸುತ್ತಿದ್ದಳು. ಎರಡು ದಿನವೋ ಎರಡು ವಾರವೋ ಅವಳಿಗೇ ಗೊತ್ತಿರಲಿಲ್ಲ. ಸುಮ್ಮನೆ ಎರಡು.

ಕಾರಣ ಗೋಡೆಯ ಮೇಲಿತ್ತು. ಅಲ್ಲಿ ಕಂಪನಿಯವರು ಎರಡು ಗಾಜಿನ ಚೌಕಟ್ಟು ಹೊಡೆದು ಹೋಗಿದ್ದರು. ಒಂದರಲ್ಲಿ ಅವಳ ನಾದಿನಿಯ ಫೋಟೊ ಅಂಟಿಸಿದ ತರಬೇತಿ ಸರ್ಟಿಫಿಕೇಟ್ ಇತ್ತು. ಇನ್ನೊಂದು, ಇವಳದು, ಖಾಲಿ. ಅದು ತುಂಬುವವರೆಗೆ ಯಂತ್ರದ ಪ್ಲಾಸ್ಟಿಕ್ ಬಿಚ್ಚುವ ಹಾಗಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ತೊಂಬತ್ತು ದಿನದೊಳಗೆ ತುಂಬದಿದ್ದರೆ ಅಂಗಡಿ ಕಂಪನಿಗೆ, ಕಟ್ಟಿದ ದುಡ್ಡೂ ಕಂಪನಿಗೆ. ಅವತ್ತು ಅರವತ್ತಾರನೆಯ ದಿನ.

ಹತ್ತೊಂಬತ್ತು ವರ್ಷ ಅವಳು ಇದೇ ಆಸ್ಪತ್ರೆಯ ಹಿಂದಿನ ಗೇಟಿನ ಪಕ್ಕ ತಗಡಿನ ಕ್ಯಾಂಟೀನು ನಡೆಸಿದವಳು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಕ್ಯಾಂಟೀನಕ್ಕ. ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದ. ರೇಗಿಸಬೇಕೆನಿಸಿದಾಗ ಅವನೂ ಹಾಗೇ ಕರೆಯುತ್ತಿದ್ದ. ಹೊಸ ಕಟ್ಟಡ ಎದ್ದಿತು. ತಗಡಿನ ಕ್ಯಾಂಟೀನು ಒಂದು ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಲಾರಿ ಹತ್ತಿತು. ಹೊಸ ಕಟ್ಟಡದ ಕೆಳಗೆ ಒಂದು ಕಾಫಿ ಅಂಗಡಿಗೆ ಜಾಗ ಬಿಟ್ಟಿದ್ದಾರೆಂದು ಕೇಳಿ ಅವಳು ಕಚೇರಿಗೆ ಓಡಿದಳು.

"ನಿನ್ನ ಕಾಫಿ ನಾನೂ ದಿನಾ ಕುಡಿದಿದ್ದೀನಿ ಕಣಕ್ಕ," ಅಂದ ಅಲ್ಲಿನ ಅಧಿಕಾರಿ. "ಆದ್ರೆ ರೂಲ್ಸು ಬದಲಾಗಿದೆ. ಹೆಸರಿರೋ ಕಂಪನಿ ಅಂಗಡಿನೇ ಆಗಬೇಕು."

"ನನಗೂ ಹೆಸರಿದೆಯಲ್ಲ ಸಾರ್."

"ಅದು ಬೋರ್ಡಿಗೆ ಬರೋ ಹೆಸರಲ್ಲಕ್ಕ."

ಆಗ ಮುಂದೆ ಬಂದವಳು ನಾದಿನಿ. ಬಟ್ಟೆ ಕಾರ್ಖಾನೆಯಲ್ಲಿ ಹದಿನಾರು ವರ್ಷ ಶರ್ಟಿಗೆ ಕಾಲರ್ ಹೊಲಿದವಳು. ಕಾರ್ಖಾನೆ ಬಾಗಿಲು ಹಾಕಿದಾಗ ಕೈಗೆ ಬಂದ ದುಡ್ಡನ್ನು ಅಕ್ಕಿ ಡಬ್ಬದ ಪಕ್ಕದಲ್ಲಿಟ್ಟುಕೊಂಡು ಏನು ಮಾಡುವುದೆಂದು ಆರು ತಿಂಗಳು ಯೋಚಿಸಿದ್ದಳು.

"ನನ್ನ ದುಡ್ಡು, ನಿನ್ನ ಕೈ. ಕಂಪನಿ ಹೆಸರು ಬೇಕು ಅಂದ್ರೆ ಕಂಪನಿ ಹೆಸರೇ ತರೋಣ ಬಿಡು ಅತ್ತಿಗೆ," ಅಂದಳು.

ಕಂಪನಿಯಿಂದ ಬಂದ ಮನುಷ್ಯನ ಮಾತು ಬೆಣ್ಣೆ. "ನೀವು ಬರೀ ಅಂಗಡಿ ತೆಗೀತಾ ಇಲ್ಲಮ್ಮ. ನಮ್ಮ ಕುಟುಂಬ ಸೇರ್ತಾ ಇದ್ದೀರಿ."

"ಕುಟುಂಬ ಸೇರೋಕೆ ಎಷ್ಟಾಗುತ್ತೆ?" ಎಂದು ನಾದಿನಿ ಕೇಳಿದಳು. ಅವನು ನಕ್ಕು, ಆಮೇಲೆ ಹೇಳಿದ. ಹೇಳಿದ ಮೇಲೆ ಇವರಿಬ್ಬರೂ ನಗಲಿಲ್ಲ.

"ಟ್ರೇನಿಂಗು ಇದರಲ್ಲೇ ಬಂತಲ್ಲ?" ಎಂದು ಕ್ಯಾಂಟೀನಕ್ಕ ಕೇಳಿದ್ದಳು.

"ಟ್ರೇನಿಂಗ್ ಪೂರ್ತಿ ಫ್ರೀ ಅಮ್ಮ. ಇಬ್ಬರಿಗೂ."

ಸುಳ್ಳಲ್ಲ. ಟ್ರೇನಿಂಗು ಫ್ರೀ ಆಗಿಯೇ ಇತ್ತು. ಪುಸ್ತಕಕ್ಕೆ ಬೇರೆ ದುಡ್ಡು. ಏಪ್ರನ್ನಿಗೆ ಬೇರೆ. ಕಲಿಯುವಾಗ ಚೆಲ್ಲಿದ ಹಾಲಿಗೆ ಬೇರೆ. ಪರೀಕ್ಷೆಗೆ, ಪರೀಕ್ಷೆ ಪಾಸಾದರೆ ಸರ್ಟಿಫಿಕೇಟಿಗೆ, ಆ ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸುವುದಕ್ಕೆ, ಎಲ್ಲಕ್ಕೂ ಬೇರೆ. ಇನ್ನು ಉಳಿದುಕೊಳ್ಳುವುದು ಕಂಪನಿಯ ಹಾಸ್ಟೆಲ್ಲಿನಲ್ಲೇ ಆಗಬೇಕು, ಅದರ ಬಾಡಿಗೆ ಕಂಪನಿ ಹೇಳಿದಷ್ಟು. ಫ್ರೀ ಅನ್ನುವ ಮಾತಿಗೆ ಎಷ್ಟು ಖರ್ಚಾಗುತ್ತದೆಂದು ತಿಳಿಯಬೇಕಾದರೆ ಇಂಥ ಕುಟುಂಬವನ್ನೇ ಸೇರಬೇಕು.

ಹನ್ನೆರಡು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಅತ್ತಿಗೆ ನಾದಿನಿಯರು ಮೊದಲ ಸಲ ತರಬೇತಿಗೆ ಹೋದರು. ಐದನೆಯ ಮಹಡಿ, ಉದ್ದನೆಯ ಕೋಣೆ, ಸಾಲಾಗಿ ಆರು ಯಂತ್ರ. ಹಾಸ್ಟೆಲ್ಲಿನಲ್ಲಿ ಇಬ್ಬರಿಗೂ ಸೇರಿ ಒಂದೇ ಮಂಚ ತೆಗೆದುಕೊಂಡರು. ತರಗತಿಯಲ್ಲಿ ಇಪ್ಪತ್ತು ಜನ. ಲಾರಿ ಮಾರಿ ಬಂದಿದ್ದ ಗಂಡ ಹೆಂಡತಿ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಮಗಳೇ ಬೇಡವೆಂದದ್ದಕ್ಕೆ ಇಲ್ಲಿ ಹಾಕಿದ್ದ ಒಬ್ಬ ಟೈಲರು, ಆಗಷ್ಟೇ ರಿಟೈರಾಗಿದ್ದ ಒಬ್ಬ ಬಸ್ ಕಂಡಕ್ಟರು. ಕಲಿಸುವವನು ಕಪ್ಪು ಏಪ್ರನ್ ಕಟ್ಟಿದ ತರುಣ. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು.

ಮೂರನೆಯ ದಿನ ಹಾಲು ಕಾಯಿಸುವ ಪಾಠ. ಜಗ್ಗಿನೊಳಗೆ ಹಬೆಯ ಕೊಳವೆ ಅದ್ದಿ, ಥರ್ಮಾಮೀಟರು ನೋಡಿಕೊಂಡು ಸರಿಯಾದ ಹೊತ್ತಿಗೆ ನಿಲ್ಲಿಸಬೇಕು. ಕಂಡಕ್ಟರು ಕೊಳವೆ ತಿರುಗಿಸಿದ್ದೇ ತಡ, ಹಾಲು ಹಾರಿ ಅವನ ಕನ್ನಡಕದ ಮೇಲೆ ಕೂತಿತು. ಲಾರಿ ಮಾರಿ ಬಂದವನ ಹೆಂಡತಿಯದು ಉಕ್ಕಿತು. ಟೈಲರದು ನೊರೆಯೇ ಬರಲಿಲ್ಲ. ಕ್ಯಾಂಟೀನಕ್ಕ ಥರ್ಮಾಮೀಟರನ್ನು ಪಕ್ಕಕ್ಕಿಟ್ಟು, ತಲೆ ಒಂದಿಷ್ಟು ಓರೆ ಮಾಡಿ, ಜಗ್ಗು ಹಿಡಿದಳು.

"ಅಮ್ಮ, ಮೀಟರು ಯಾಕೆ ಹಾಕಿಲ್ಲ?"

"ಕೇಳಿಸ್ತದಲ್ಲ ಮೇಷ್ಟ್ರೆ."

"ಏನು ಕೇಳಿಸುತ್ತೆ?"

"ಹಾಲು. ಮೊದಲು ಕಾಗದ ಹರಿದ ಹಾಗೆ ಚರ್ ಅನ್ನುತ್ತೆ. ಆಮೇಲೆ ದನಿ ಇಳಿಯುತ್ತೆ. ಪೂರ್ತಿ ಇಳಿಯೋಕೆ ಮುಂಚೆ ನಿಲ್ಲಿಸಬೇಕು. ಇಗೋ, ಈಗ."

ನಿಲ್ಲಿಸಿದಳು. ಮೇಷ್ಟ್ರು ಮೀಟರು ಅದ್ದಿ ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಮತ್ತೊಂದು ಜಗ್ಗು ಕೊಟ್ಟ, ಮತ್ತೊಂದು. ಐದು ಸಲವೂ ಅಷ್ಟೇ. ಲೋಟಕ್ಕೆ ಸುರಿಯುವಾಗ ಅವಳ ಬಲಗೈಯ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಸೇರದೆ ಹೊರಗೆ ಚಾಚಿಕೊಂಡಿರುತ್ತಿತ್ತು. ಕ್ಯಾಂಟೀನಿನ ಶಟರ್ ಬಿದ್ದು ಮುರಿದು, ಸೊಟ್ಟಗೇ ಕೂಡಿಕೊಂಡ ಬೆರಳು.

ಮಾರನೆಯ ದಿನ ಮೇಷ್ಟ್ರು ಕ್ಯಾಮೆರಾದವನೊಬ್ಬನನ್ನು ಕರೆತಂದ. ಹಿಂದೆಯೇ ತರಬೇತಿ ಕೇಂದ್ರದ ಮ್ಯಾನೇಜರ್ ಮೇಡಂ ಬಂದಳು. "ನಿಮ್ಮ ಕೆಲಸ ಎಷ್ಟು ಚೆನ್ನಾಗಿದೆ ಅಮ್ಮ. ಒಂದು ಹತ್ತು ನಿಮಿಷ ಶೂಟ್ ಮಾಡಿಕೊಳ್ತೀವಿ. ನಾಲ್ಕು ಜನ ನೋಡಿ ಕಲೀಲಿ."

ಕ್ಯಾಂಟೀನಕ್ಕ ಉಬ್ಬಿಹೋದಳು. ಸುಳ್ಳು ಯಾಕೆ, ಯಾರೇ ಆದರೂ ಉಬ್ಬುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳ ಕಾಫಿಯನ್ನು ಹೊಗಳಿದವರು ಬೇಕಾದಷ್ಟು ಜನ, ಕೈಯನ್ನು ನೋಡಿದವರು ಯಾರೂ ಇರಲಿಲ್ಲ. ಸೋಪು ಹಾಕಿ ಕೈ ತೊಳೆದು ಬಂದು, ಹತ್ತು ನಿಮಿಷ ಅಂದವರಿಗೆ ಎರಡು ಗಂಟೆ ಹಾಲು ಕಾಯಿಸಿಕೊಟ್ಟಳು.

"ಎಷ್ಟು ಕೊಡ್ತಾರಂತೆ?" ಎಂದು ನಾದಿನಿ ಕಿವಿಯಲ್ಲಿ ಕೇಳಿದಳು.

"ಸುಮ್ನಿರೇ. ಒಳ್ಳೆ ಕೆಲಸಕ್ಕೆ ದುಡ್ಡು ಕೇಳ್ತಾರಾ ಯಾರಾದ್ರೂ."

"ಇವರು ಕೇಳ್ತಾರಲ್ಲ," ಅಂದಳು ನಾದಿನಿ.

ಹನ್ನೊಂದನೆಯ ದಿನ ಪರೀಕ್ಷೆ. ಒಬ್ಬೊಬ್ಬರೇ ಕೌಂಟರಿನ ಹಿಂದೆ ನಿಲ್ಲಬೇಕು. ಪರೀಕ್ಷೆ ಮಾಡುವವನೇ ಗಿರಾಕಿಯ ವೇಷದಲ್ಲಿ ಬರುತ್ತಾನೆ. ಮೊದಲು ಏನು ಬೇಕೆಂದು ಕೇಳಬೇಕು, ಆಮೇಲೆ ಬಿಲ್ ಮಾಡಿ ದುಡ್ಡು ತೆಗೆದುಕೊಳ್ಳಬೇಕು, ಆಮೇಲೆ ಕಾಫಿ. ಈ ಕ್ರಮ ತಪ್ಪಿದರೆ ಮಿಕ್ಕದ್ದು ಎಷ್ಟೇ ಚೆನ್ನಾಗಿದ್ದರೂ ಫೇಲು. ಕ್ಯಾಂಟೀನಕ್ಕ ಹತ್ತು ದಿನ ಇದನ್ನು ಬಾಯಿಪಾಠ ಮಾಡಿದ್ದಳು. ಹಾಸ್ಟೆಲ್ಲಿನ ಮಂಚದ ಮೇಲೆ ನಾದಿನಿಯನ್ನು ಗಿರಾಕಿ ಮಾಡಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ್ದಳು.

ಆದರೆ ಅವತ್ತು ಗಿರಾಕಿಯಾಗಿ ಬಂದವನಿಗೆ ನೆಗಡಿ. ಕಣ್ಣು ಕೆಂಪಗಾಗಿತ್ತು. ದನಿ ಕಟ್ಟಿಕೊಂಡಿತ್ತು. ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತ, "ಒಂದು ಕಾಫಿ," ಅಂದ.

ಆಸ್ಪತ್ರೆಯ ಗೇಟಿನಲ್ಲಿ ಹತ್ತೊಂಬತ್ತು ವರ್ಷ ನಿಂತವಳಿಗೆ ಆ ಕಣ್ಣು ಗೊತ್ತು. ಒಳಗೆ ಯಾರನ್ನೋ ಮಲಗಿಸಿ ಬಂದವರ ಕಣ್ಣು, ಯಾರನ್ನೋ ಕಳಕೊಂಡು ಬಂದವರ ಕಣ್ಣು. ಅಂಥವರನ್ನು ದುಡ್ಡು ಕೇಳುವುದು ಅವಳಿಗೆ ಆಗದ ಕೆಲಸ. ಅವಳ ಕ್ಯಾಂಟೀನಿನಲ್ಲಿ ಮೊದಲು ಲೋಟ, ಆಮೇಲೆ ದುಡ್ಡು. ಬಿಸಿ ಗಂಟಲಿಗಿಳಿದ ಮೇಲೆ ಮನುಷ್ಯ ತಾನಾಗಿಯೇ ಜೇಬು ತಡಕುತ್ತಾನೆ. ಅವತ್ತೇ ಆಗದಿದ್ದರೆ ಮೂರು ತಿಂಗಳಾದ ಮೇಲೆ ಬಂದು ಕೊಟ್ಟವರೂ ಇದ್ದರು.

ಪಾಠ ಬಾಯಲ್ಲಿತ್ತು, ಕೈ ಅದಕ್ಕೆ ಕಾಯಲಿಲ್ಲ. ಕಾಫಿ ಮಾಡಿ ಅವನ ಎರಡೂ ಕೈಗೆ ಹಿಡಿಸಿದ್ದಳು. "ಮೊದಲು ಕುಡೀರಿ. ದುಡ್ಡು ಎಲ್ಲಿಗೆ ಹೋಗುತ್ತೆ," ಅಂದೂ ಬಿಟ್ಟಿದ್ದಳು.

ಅವನು ಕಾಫಿಯನ್ನು ಪೂರ್ತಿ ಕುಡಿದ. ಲೋಟ ಇಟ್ಟ. ಹಾಳೆಯ ಮೇಲೆ ಅಡ್ಡಗೆರೆ ಎಳೆದ.

ನಾದಿನಿ ಪಾಸು. ಜೀವನದಲ್ಲಿ ಹತ್ತು ಜನಕ್ಕೆ ಕಾಫಿ ಮಾಡಿಕೊಟ್ಟವಳಲ್ಲ. ಆದರೆ ಹದಿನಾರು ವರ್ಷ ಸೂಪರ್‌ವೈಸರ್ ಹೇಳಿದ ಜಾಗದಲ್ಲೇ ಸೂಜಿ ಇಳಿಸಿದವಳಿಗೆ ಹೇಳಿದ ಕ್ರಮ ತಪ್ಪಿಸುವುದೇ ಕಷ್ಟವಾಗಿತ್ತು. ಕಂಡಕ್ಟರು ದುಡ್ಡು ತೆಗೆದುಕೊಳ್ಳುವುದರಲ್ಲಿ ಎಲ್ಲರಿಗಿಂತ ಮುಂದು, ಹಾಲಿನಲ್ಲಿ ಫೇಲು. ಇಪ್ಪತ್ತರಲ್ಲಿ ಒಂಬತ್ತು ಜನ ಫೇಲಾಗಿದ್ದರು.

"ಇನ್ನೊಂದ್ಸಲ ಪರೀಕ್ಷೆ ಬರೀತೀನಿ ಮೇಡಂ. ಇವತ್ತೇ. ಈಗಲೇ," ಅಂದಳು ಕ್ಯಾಂಟೀನಕ್ಕ.

"ಪರೀಕ್ಷೆ ಮಾತ್ರ ಆಗಲ್ಲಮ್ಮ. ಪೂರ್ತಿ ತರಬೇತಿ ಮತ್ತೆ ತಗೋಬೇಕು. ಮುಂದಿನ ಬ್ಯಾಚು ಐದು ವಾರಕ್ಕೆ. ಎರಡನೇ ಸಲ ಆದ್ದರಿಂದ ಟ್ರೇನಿಂಗಿಗೂ ಫೀಸಿದೆ."

"ಬರೋದನ್ನೇ ಮತ್ತೆ ಕಲಿಯೋಕೆ?"

"ನಿಯಮ ಅಮ್ಮ," ಎಂದು ಮೇಡಂ ಬಹಳ ನೊಂದವಳಂತೆ ಹೇಳಿದಳು.

ಆ ಐದು ವಾರ ಹೇಗೆ ಕಳೆಯಿತೆಂದು ಕೇಳಬಾರದು. ಮುಚ್ಚಿದ ಅಂಗಡಿಗೆ ಬಾಡಿಗೆ ಕಟ್ಟುತ್ತ, ಕ್ಯಾಂಟೀನಕ್ಕ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ದಿನಕ್ಕೆ ನಾಲ್ಕು ಸಲ ತಿರುಗಿದಳು. ಉಣ್ಣುವಾಗ ಎದ್ದು ಹೋಗಿ ಬಾಗಿಲ ಬೀಗ ನೋಡಿ ಬರುತ್ತಿದ್ದಳು. ಗಂಡ, "ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯೇನೇ," ಅಂದರೆ ಅವನ ಮೇಲೆ ಹರಿಹಾಯುತ್ತಿದ್ದಳು, ಆಮೇಲೆ ಹರಿಹಾಯ್ದದ್ದಕ್ಕೆ ಅಳುತ್ತಿದ್ದಳು.

ಅರವತ್ತಾರನೆಯ ದಿನ ಮಧ್ಯಾಹ್ನ ನಾದಿನಿ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಬಸ್ ಟಿಕೆಟ್ಟು, ಒಂದು ಲಕೋಟೆ ಇಟ್ಟಳು.

"ಇದೆಲ್ಲಿಂದ ಬಂತೇ?"

"ಮೆಷಿನ್ ಮಾರಿದೆ."

ಹೊಲಿಗೆ ಯಂತ್ರ. ಕಾರ್ಖಾನೆಯ ಮೊದಲ ಬೋನಸ್ಸಿನಲ್ಲಿ ತೆಗೆದುಕೊಂಡದ್ದು, ದಿನಾ ಎಣ್ಣೆ ಬಿಟ್ಟು ಬಟ್ಟೆ ಹೊದಿಸಿಟ್ಟುಕೊಂಡದ್ದು. ಕ್ಯಾಂಟೀನಕ್ಕ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ನಿಂತಳು. ಅದರಲ್ಲಿ ನೀರೇ ಇರಲಿಲ್ಲ.

"ಹಾಗೆ ನೋಡಬೇಡ ಅತ್ತಿಗೆ. ಒಂದು ಮಾತು ನಡೆಸಿಕೊಡು ಸಾಕು. ಈ ಸಲ ಗಿರಾಕಿ ಬಂದು ಕಣ್ಣೆದುರಿಗೇ ಗೊಳೋ ಅಂತ ಅತ್ತರೂ ಮೊದಲು ದುಡ್ಡು ಇಸ್ಕೊ."

"ಇಸ್ಕೊಳ್ತೀನಿ ಕಣೇ. ನಿನ್ನಾಣೆ."

ಅರವತ್ತೇಳನೆಯ ದಿನ ಬೆಳಿಗ್ಗೆ ಅವಳು ಒಬ್ಬಳೇ ಮತ್ತೆ ಐದನೆಯ ಮಹಡಿ ಹತ್ತಿದಳು. ಲಕೋಟೆ ಕೌಂಟರಿನಲ್ಲಿ ಖಾಲಿಯಾಯಿತು. ಹೊಸ ಏಪ್ರನ್ನು ಕೊಟ್ಟರು. ಹಳೆಯದು ತಂದಿದ್ದೇನೆಂದರೆ, ಅದು ಹೋದ ಬ್ಯಾಚಿನದು ಅಂದರು. ತರಗತಿಯಲ್ಲಿ ಹದಿನೆಂಟು ಜನ ಕೂತಿದ್ದರು. ಅವರಲ್ಲಿ ಏಳು ಜನ ಹೋದ ಸಲದವರೇ. ಕಂಡಕ್ಟರು ಎದ್ದು ಪಕ್ಕದ ಕುರ್ಚಿಯ ಧೂಳು ಹೊಡೆದು ಕೊಟ್ಟ.

"ಬನ್ನಿ ಅಕ್ಕ. ಇದೇ ರೂಟು, ಎರಡನೇ ಟ್ರಿಪ್ಪು. ಟಿಕೆಟ್ ಮಾತ್ರ ಮೊದಲಿಗಿಂತ ಜಾಸ್ತಿ."

ನಗು ಬರಲಿಲ್ಲ ಅವಳಿಗೆ. ಮೇಜಿನ ಕೆಳಗೆ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ಇನ್ನು ಇಪ್ಪತ್ಮೂರು ದಿನ. ಹನ್ನೊಂದು ಇಲ್ಲಿ ಹೋದರೆ ಹನ್ನೆರಡು.

ಮೇಷ್ಟ್ರು ಬಂದ. ಇವಳ ಕಡೆ ನೋಡಿದವನು ತಟ್ಟನೆ ಕಣ್ಣು ತಪ್ಪಿಸಿದ. "ಈ ಬ್ಯಾಚಿನಿಂದ ಪಾಠ ವಿಡಿಯೋದಲ್ಲಿ," ಎಂದು ಗೋಡೆಯನ್ನು ನೋಡಿಕೊಂಡು ಹೇಳಿ ದೀಪ ಆರಿಸಿದ. "ವಿಡಿಯೋ ಫೀಸು ನಿಮ್ಮ ಬಿಲ್ಲಿನಲ್ಲೇ ಸೇರಿದೆ."

ಪರದೆ ಬೆಳಗಿತು. ಕಂಪನಿಯ ಹೆಸರು ಬಂದು ಹೋಯಿತು. ಸ್ಟೀಲ್ ಜಗ್ಗು ಬಂತು, ಹಬೆಯ ಕೊಳವೆ ಬಂತು, ಎರಡು ಕೈ ಬಂದವು. ಮುಖವಿರಲಿಲ್ಲ. ಒಂದು ಹೆಣ್ಣು ದನಿ ಮುತ್ತು ಪೋಣಿಸಿದಂತೆ ಹೇಳತೊಡಗಿತು: "ನಮ್ಮ ಕಂಪನಿಯ ತಜ್ಞರ ಕೈಗಳನ್ನು ಗಮನಿಸಿ. ವರ್ಷಗಳ ಸಂಶೋಧನೆಯಿಂದ ನಾವು ರೂಪಿಸಿದ ವಿಧಾನವಿದು. ಹಾಲಿನ ದನಿಯನ್ನು ಆಲಿಸಿ. ಮೊದಲು ಕಾಗದ ಹರಿದ ಹಾಗೆ..."

ಕ್ಯಾಂಟೀನಕ್ಕನ ಕಾಲು ನಿಂತಿತು.

ಪರದೆಯ ಮೇಲೆ ಕೈ ಜಗ್ಗನ್ನು ಓರೆ ಮಾಡಿತು. ನೊರೆ ದಾರವಾಗಿ ಲೋಟಕ್ಕಿಳಿಯಿತು. ಕಿರುಬೆರಳು ಮಿಕ್ಕವುಗಳ ಜೊತೆ ಸೇರದೆ, ಸೊಟ್ಟಗೆ, ಹೊರಗೆ ಚಾಚಿಕೊಂಡಿತ್ತು.

ಅವಳು ಎದ್ದಳು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ ಬೆಳಕಿಗೆ ಅಡ್ಡ ನಿಂತು ಬಲಗೈ ಎತ್ತಿದಳು. ಪರದೆಯ ಮೇಲೆ ಅವಳ ಕೈಯ ನೆರಳು ಬಿತ್ತು. ಅಲ್ಲೊಂದು ಸೊಟ್ಟ ಬೆರಳು, ಪಕ್ಕದಲ್ಲಿ ನೆರಳಿನದೊಂದು ಸೊಟ್ಟ ಬೆರಳು.

"ಅಕ್ಕ, ಅದು ನಿಮ್ಮ ಕೈ," ಅಂದ ಕಂಡಕ್ಟರು.

"ಹೂಂ. ನನ್ನದೇ."

"ನಿಮ್ಮ ಕೈ ನೋಡೋಕೆ ನಾವು ದುಡ್ಡು ಕೊಟ್ಟಿದ್ದೀವಾ?"

"ನಾನೂ ಕೊಟ್ಟಿದ್ದೀನಪ್ಪ," ಅಂದಳು ಅವಳು. "ನಾದಿನಿ ಹೊಲಿಗೆ ಮೆಷಿನ್ ಮಾರಿ ಕೊಟ್ಟಿದ್ದೀನಿ. ನನ್ನ ಕೈ ನಾನೇ ನೋಡೋಕೆ."

ಮೇಷ್ಟ್ರು ದೀಪ ಹಾಕಿದ. ವಿಡಿಯೋ ನಿಲ್ಲಿಸಲು ಹೋದವನ ಕೈಯನ್ನು ಲಾರಿಯ ಹೆಂಡತಿ ತಡೆದಳು. "ಇರಲಿ ಬಿಡಿ. ದುಡ್ಡು ಕೊಟ್ಟಿದ್ದೀವಿ, ಪೂರ್ತಿ ನೋಡ್ತೀವಿ." ಅವನು ಕೈ ಹಿಂದಕ್ಕೆಳೆದುಕೊಂಡ. ಅವನ ಕಿವಿ ಕೆಂಪಗಾಗಿತ್ತು. ಯಾರೋ ಹೇಳಿಕಳಿಸಿ ಮ್ಯಾನೇಜರ್ ಮೇಡಂ ಬಂದಳು, ಅರ್ಧ ನಗು ಹೊತ್ತುಕೊಂಡೇ ಬಂದಳು.

"ಏನಾಯ್ತಮ್ಮ? ಒಪ್ಪಂದದಲ್ಲೇ ಇದೆಯಲ್ಲ. ತರಬೇತಿ ಹೊತ್ತಲ್ಲಿ ತೆಗೆದ ಚಿತ್ರ ಎಲ್ಲ ಕಂಪನಿಗೆ ಸೇರಿದ್ದು ಅಂತ. ಇಪ್ಪತ್ತೆರಡನೇ ಪುಟ. ನೀವೇ ಸಹಿ ಹಾಕಿದ್ದೀರಿ."

"ಚಿತ್ರ ನಿಮ್ಮದೇ ಇರಲಿ ಮೇಡಂ. ಅದರಲ್ಲಿರೋಳು ತಜ್ಞರು ಅಂತ ನಿಮ್ಮ ಸಿನಿಮಾನೇ ಹೇಳ್ತಿದೆ. ಹಾಗಾದ್ರೆ ಫೇಲಾದೋಳು ಯಾರು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಹತ್ತಿರ ಬಂದು ಅವಳ ಭುಜ ಹಿಡಿದು ದನಿ ತಗ್ಗಿಸಿದಳು. "ಇಲ್ಲಿ ಬೇಡಮ್ಮ, ನನ್ನ ರೂಮಿಗೆ ಬನ್ನಿ. ನಿಮ್ಮ ಸರ್ಟಿಫಿಕೇಟು ಇವತ್ತೇ ಮಾಡಿಸಿಕೊಡ್ತೀನಿ. ಫೀಸೂ ವಾಪಸ್ ಕೊಡಿಸ್ತೀನಿ. ನಾಳೆ ಬೆಳಿಗ್ಗೆ ಅಂಗಡಿ ತೆಗೀಬಹುದು ನೀವು."

ನಾಳೆ ಬೆಳಿಗ್ಗೆ. ಗಾಜಿಗೆ ಹಣೆ ಒತ್ತಿ ನಿಂತವರು ಕ್ಯಾಂಟೀನಕ್ಕನ ಕಣ್ಣ ಮುಂದೆ ಬಂದರು, ಖಾಲಿ ಚೌಕಟ್ಟು ಬಂತು, ಬಟ್ಟೆ ಹೊದಿಸಿದ ಹೊಲಿಗೆ ಯಂತ್ರವಿದ್ದ ಮೂಲೆ ಈಗ ಬರಿದಾಗಿರುವುದು ಬಂತು. ಮೇಡಂ ಹಿಂದೆ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಳು. ಇಟ್ಟದ್ದನ್ನು ಮುಚ್ಚಿಡುವುದೇಕೆ, ಇಟ್ಟಳು. ಆಗ ತಿರುಗಿ ನೋಡಿದಳು.

ಹದಿನೆಂಟು ಜನವೂ ಅವಳನ್ನೇ ನೋಡುತ್ತಿದ್ದರು. ಕಂಡಕ್ಟರು ಕನ್ನಡಕ ತೆಗೆದು ಒರೆಸುತ್ತಿದ್ದ. ಟೈಲರು ಹೊಸ ಏಪ್ರನ್ನನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ. ಯಾರೂ ಹೋಗಬೇಡ ಅನ್ನಲಿಲ್ಲ. ಆ ಕಣ್ಣುಗಳೂ ಅವಳಿಗೆ ಗೊತ್ತಿದ್ದವೇ. ಹಿಂದಿನ ಗೇಟಿನಲ್ಲಿ ದಿನಾ ನೋಡಿದ ಕಣ್ಣುಗಳು.

ಅವಳು ಭುಜದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದಳು.

"ರೂಮು ಬೇಡ ಮೇಡಂ. ಕೊಡೋದಿದ್ರೆ ಇಲ್ಲೇ ಕೊಡಿ. ಎಲ್ಲರಿಗೂ ಕೊಡಿ."

"ಎಲ್ಲರಿಗೂ ಅಂದ್ರೆ? ಅವರಿಗೆ ಬರಬೇಕಲ್ಲಮ್ಮ."

"ಹಾಲು ನಾನು ಕಲಿಸ್ತೀನಿ. ಮೂರು ದಿನ ಸಾಕು. ಫೀಸು ಬೇಡ."

"ಹಾಗೆಲ್ಲ ಆಗಲ್ಲ. ನಿಯಮ ಅಂತ ಒಂದಿದೆ," ಅಂದಳು ಮೇಡಂ. ಅರ್ಧ ನಗು ಈಗ ಹೋಗಿತ್ತು. "ಗಲಾಟೆ ಮಾಡಿದ್ರೆ ನಿಮ್ಮ ಅಂಗಡಿನೇ ಹೋಗುತ್ತೆ. ಯೋಚನೆ ಮಾಡಿ. ದುಡ್ಡು ಕಟ್ಟಿದ್ದೀರಿ, ಸುಮ್ಮನೆ ಕೂತು ಕಲೀರಿ."

ಕಂಡಕ್ಟರು ಎದ್ದು ನಿಂತ. "ಮೂವತ್ತೆರಡು ವರ್ಷ ಟಿಕೆಟ್ ಹರಿದಿದ್ದೀನಿ ಮೇಡಂ. ದುಡ್ಡು ತಗೊಂಡು ಟಿಕೆಟ್ ಕೊಡದಿದ್ರೆ ನಮ್ಮನ್ನ ಅವತ್ತೇ ಕೆಲಸದಿಂದ ಇಳಿಸ್ತಿದ್ರು. ನಿಮ್ಮನ್ನ ಯಾರು ಇಳಿಸ್ತಾರೆ?"

ಲಾರಿಯ ಹೆಂಡತಿ ಎದ್ದಳು, ಹಿಂದೆಯೇ ಗಂಡ. ಟೈಲರು ಏಪ್ರನ್ನನ್ನು ಕುರ್ಚಿಯ ಮೇಲೆ ಹಾಕಿ ಎದ್ದ. ಒಂದೊಂದೇ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೋಣೆಯ ತುಂಬ ಹರಡಿತು. ಕೊನೆಗೆ ಯಾರೂ ಕೂತಿರಲಿಲ್ಲ. ಪರದೆಯ ಮೇಲೆ ಆ ಕೈ ಮಾತ್ರ ತನ್ನ ಪಾಡಿಗೆ ತಾನು ಲೋಟದ ಮೇಲೆ ಲೋಟ ತುಂಬಿಸುತ್ತಲೇ ಇತ್ತು.

ಕ್ಯಾಂಟೀನಕ್ಕನ ದನಿ ಏರಲಿಲ್ಲ. ಗೇಟಿನ ಪಕ್ಕ ಗಿರಾಕಿಯ ಜೊತೆ ಮಾತಾಡುತ್ತಿದ್ದ ಅದೇ ದನಿ.

"ಹತ್ತೊಂಬತ್ತು ವರ್ಷ ನಾನು ಮೊದಲು ಕಾಫಿ ಕೊಟ್ಟು ಆಮೇಲೆ ದುಡ್ಡು ತಗೊಂಡೆ ಮೇಡಂ. ಒಬ್ಬರೂ ಮೋಸ ಮಾಡಲಿಲ್ಲ. ಅದು ತಪ್ಪು, ದುಡ್ಡು ಮೊದಲು ತಗೋಬೇಕು ಅಂತ ನನ್ನ ಫೇಲ್ ಮಾಡಿದ್ರಿ. ಸರಿ, ನಿಮ್ಮ ಕ್ರಮನೇ ಆಗಲಿ. ನೀವು ಮೊದಲು ದುಡ್ಡು ತಗೊಂಡಿದ್ದೀರಿ, ಎಲ್ಲರ ಹತ್ರಾನೂ ತಗೊಂಡಿದ್ದೀರಿ. ಈಗ ಹೇಳಿ. ನಮ್ಮ ಕಾಫಿ ಎಲ್ಲಿ?"